ಲುಕ್ಕಾ: ಗೈಡ್ ಇಲ್ಲದೆ ಕೋಟೆ ಊರು ಸುತ್ತಬಹುದಾ? ಜೊತೆಗೆ ಮಂಡಿನೋವಿನ ಅತ್ತೆ, ಒಂಬತ್ತು ವರ್ಷದ ಮಗಳು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯ ವಾರ ನಾವು ನಾಲ್ಕು ಜನ ಇಟಲಿಯ ಪೀಸಾಕ್ಕೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಮಗಳು, ಜೊತೆಗೆ ನಮ್ಮ ಅತ್ತೆ. ಯಜಮಾನರ ಕೆಲಸ ಮುಗಿದ ಮೇಲೆ ಒಂದು ಪೂರ್ತಿ ದಿನ ಲುಕ್ಕಾಕ್ಕೆ ಅಂತ ಇಟ್ಟುಕೊಂಡಿದ್ದೇವೆ. ಊರಿನ ಸುತ್ತ ಕೋಟೆ ಗೋಡೆ ಇದೆ, ಅದರ ಮೇಲೆ ನಡೆಯಬಹುದು ಅಂತ ಕೇಳಿದಾಗಿನಿಂದ ಮಗಳಿಗೆ ಅದೇ ಧ್ಯಾನ.

ಗೈಡ್ ಜೊತೆ ಗುಂಪಿನಲ್ಲಿ ಹೋಗುವುದು ನಮಗೆ ಆಗಿಬರುವುದಿಲ್ಲ. ಹೋದ ವರ್ಷ ಬೇರೆ ಒಂದು ಊರಲ್ಲಿ ಹಾಗೆ ಹೋಗಿದ್ದೆವು. ಎರಡೂವರೆ ಗಂಟೆಯಲ್ಲಿ ಒಂಬತ್ತು ಜಾಗ. ಅತ್ತೆ ಬಂದು ತಲುಪುವ ಹೊತ್ತಿಗೆ ಗೈಡ್ ಮಾತು ಮುಗಿಸಿ ಮುಂದೆ ಹೊರಟಿರುತ್ತಿದ್ದರು. ಕೊನೆಗೆ ಅತ್ತೆ ಒಂದು ಕಟ್ಟೆ ಮೇಲೆ ಕೂತು, "ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ" ಅಂದುಬಿಟ್ಟರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಈ ಸಲ ಅವರು ಎಲ್ಲೂ ಹಿಂದೆ ಉಳಿಯಬಾರದು.

ಅವರಿಗೆ 68 ವರ್ಷ. ಸಮ ನೆಲದಲ್ಲಿ ನಿಧಾನವಾಗಿ ಎಷ್ಟು ಹೊತ್ತಾದರೂ ನಡೆಯುತ್ತಾರೆ. ಮೆಟ್ಟಿಲು ಕಷ್ಟ. ನಾವು ಸಸ್ಯಾಹಾರಿಗಳು, ಮೊಟ್ಟೆ ಮಾತ್ರ ಮಗಳು ತಿನ್ನುತ್ತಾಳೆ. ಲುಕ್ಕಾ ನಮಗೆ ಸರಿಹೋಗುತ್ತದಾ? ಎಲ್ಲಿಂದ ಶುರು ಮಾಡಬೇಕು?

ಪೀಸಾ ಕನ್ನಡತಿ

ಅಕ್ಕಾ, ನಿಮ್ಮ ಅತ್ತೆಯವರಿಗೆ ಈ ಕಡೆ ಲುಕ್ಕಾಕ್ಕಿಂತ ಒಳ್ಳೆಯ ಊರು ಇಲ್ಲ. ನಾನು ಪೀಸಾದಲ್ಲಿ ಓದಲು ಬಂದು ನಾಲ್ಕು ವರ್ಷ ಆಯಿತು. ಲುಕ್ಕಾಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಊರು ಚಪ್ಪಟೆ. ಟಸ್ಕನಿಯ ಉಳಿದ ಹಳೇ ಊರುಗಳು ಬಹಳಷ್ಟು ಗುಡ್ಡದ ಮೇಲಿವೆ. ಸಿಯೆನಾದಲ್ಲಿ ಹತ್ತು ಹೆಜ್ಜೆಗೊಂದು ಏರು. ಲುಕ್ಕಾ ಬಯಲಲ್ಲಿದೆ, ಅದಕ್ಕೇ ಅಷ್ಟು ದೊಡ್ಡ ಗೋಡೆ ಬೇಕಾಯಿತು. ಈಗಿರುವ ಗೋಡೆಯನ್ನು 16ನೇ ಶತಮಾನದ ಮೊದಲಲ್ಲಿ ಕಟ್ಟಲು ಹಿಡಿದು 17ನೇ ಶತಮಾನದ ಮಧ್ಯದಲ್ಲಿ ಮುಗಿಸಿದರು. ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಸುತ್ತಳತೆ ಸುಮಾರು 4.2 ಕಿಲೋಮೀಟರ್, ಎತ್ತರ ಸುಮಾರು 12 ಮೀಟರ್. ಬುಡದ ಅಗಲ 30 ಮೀಟರ್ ಹತ್ತಿರ.

ಅಷ್ಟು ಅಗಲ ಯಾಕೆ ಅಂದರೆ ಅದು ಫಿರಂಗಿ ಕಾಲದ ಗೋಡೆ. ಎತ್ತರದ, ತೆಳ್ಳಗಿನ ಕಲ್ಲಿನ ಗೋಡೆಗೆ ಗುಂಡು ಬಿದ್ದರೆ ಕುಸಿಯುತ್ತದೆ. ಇಲ್ಲಿ ಹೊರಗೆ ಇಟ್ಟಿಗೆ, ಒಳಗೆ ಮಣ್ಣು ತುಂಬಿದ್ದಾರೆ. ಗುಂಡು ಬಿದ್ದರೂ ಮಣ್ಣು ನುಂಗಿಕೊಳ್ಳುತ್ತದೆ. ಮೂಲೆಮೂಲೆಗೆ ಬಾಣದ ತುದಿಯ ಹಾಗೆ ಚಾಚಿದ ಕೊತ್ತಲಗಳಿವೆ. ಒಂದು ಕೊತ್ತಲದಿಂದ ಪಕ್ಕದ ಗೋಡೆಯ ಬುಡಕ್ಕೇ ಗುಂಡು ಹಾರಿಸಬಹುದಿತ್ತು. ಹೊರಗೆ ಈಗ ಹಸಿರು ಹುಲ್ಲು ಕಾಣುತ್ತದಲ್ಲ, ಅದು ಶತ್ರುವಿಗೆ ಅಡಗಲು ಮರೆ ಸಿಗಬಾರದು ಅಂತ ಬೋಳು ಬಿಟ್ಟಿದ್ದ ಜಾಗ.

ಆದರೆ ಇಷ್ಟೆಲ್ಲ ಮಾಡಿದ ಗೋಡೆಗೆ ಯಾವ ಸೈನ್ಯವೂ ಮುತ್ತಿಗೆ ಹಾಕಲಿಲ್ಲ. ಅದು ಊರನ್ನು ಉಳಿಸಿದ್ದು ನೀರಿನಿಂದ. 1812ರ ನವೆಂಬರ್‌ನಲ್ಲಿ ಸೆರ್ಕಿಯೋ ನದಿ ಉಕ್ಕಿ ಬಂದಾಗ ಬಾಗಿಲುಗಳನ್ನು ಮುಚ್ಚಿ ಭದ್ರ ಮಾಡಿದರು. ಸುತ್ತ ಎಲ್ಲ ಮುಳುಗಿತು, ಒಳಗಿನ ಊರು ಉಳಿಯಿತು. ಆಮೇಲೆ 19ನೇ ಶತಮಾನದಲ್ಲಿ ಗೋಡೆಯ ಮೇಲೆ ಸಾಲುಮರ ನೆಟ್ಟು ಜನ ಓಡಾಡುವ ದಾರಿ ಮಾಡಿದರು. ಈಗ ಅಲ್ಲಿ ಅಜ್ಜಂದಿರು ಕೂತು ಹರಟುತ್ತಾರೆ, ಮಕ್ಕಳು ಸೈಕಲ್ ಕಲಿಯುತ್ತಾರೆ. ಅಗಲ ಎಷ್ಟಿದೆ ಅಂದರೆ ನಮ್ಮ ಕಡೆಯ ಎರಡು ಬಸ್ಸು ಅಕ್ಕಪಕ್ಕ ಹೋಗಬಹುದು. ಉದ್ದಕ್ಕೂ ನೆರಳು, ಬೆಂಚು.

ಗೈಡ್ ಬೇಡ ಅಂತ ನಾನು ಹೇಳುವುದಕ್ಕೂ ಗೋಡೆಯೇ ಕಾರಣ. ದಾರಿ ತಪ್ಪಿದರೆ ಸುಮ್ನೆ ಯಾವುದಾದರೂ ಓಣಿ ಹಿಡಿದು ನೇರ ನಡೆಯಿರಿ. ಹದಿನೈದು ನಿಮಿಷದೊಳಗೆ ಎಲ್ಲೋ ಒಂದು ಕಡೆ ಗೋಡೆ ಸಿಗುತ್ತದೆ. ಅದು ಊರನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಾಗಿದೆ.

ಪೀಸಾದಿಂದ ರೈಲಿನಲ್ಲಿ ಅರ್ಧ ಗಂಟೆ. ನೀವು ವಾಲುಗೋಪುರದ ಹತ್ತಿರ ಉಳಿದರೆ ಪೀಸಾದ ದೊಡ್ಡ ಸ್ಟೇಷನ್ನಿಗೆ ಹೋಗಬೇಡಿ. ಸ್ಯಾನ್ ರೊಸ್ಸೋರೆ ಅನ್ನುವ ಚಿಕ್ಕ ಸ್ಟೇಷನ್ ಅಲ್ಲೇ ಹತ್ತಿರದಲ್ಲಿದೆ, ಲುಕ್ಕಾ ರೈಲು ಅಲ್ಲೂ ನಿಲ್ಲುತ್ತದೆ.

ರೈಲುಪ್ರೇಮಿ ಹಾಸನ

ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಹತ್ತಿರದ ಚಿಕ್ಕ ಯಂತ್ರದಲ್ಲಿ ಒತ್ತಿಸಲೇಬೇಕು. ಟಿಕೆಟ್ ಇದ್ದರೂ ಮುದ್ರೆ ಇಲ್ಲದಿದ್ದರೆ ದಂಡ. ನನಗೆ ಬಿದ್ದಿದೆ. ಅಮ್ಮನ ಎದುರು ಪರದೇಶದಲ್ಲಿ ದಂಡ ಕಟ್ಟುವಾಗ ಬಹಳ ಬೇಜಾರಾಯಿತು, ಅದಕ್ಕೇ ಹೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು

ತಾಯಿ, ಗೈಡ್ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಮೊದಲ ಸಲ ಒಬ್ಬನೇ ಹೋಗಿ ಅರ್ಧ ಊರು ಕಣ್ಣೆದುರು ಇದ್ದೂ ನೋಡದೆ ಬಂದೆ. ಅಂಫಿತಿಯಾತ್ರೊ ಚೌಕವನ್ನೇ ತೆಗೆದುಕೊಳ್ಳಿ. ಮೊಟ್ಟೆಯಾಕಾರದ ಅಂಗಳ, ಸುತ್ತ ಹಳದಿ ಮನೆಗಳು, ಹೋಟೆಲ್ ಕುರ್ಚಿಗಳು. ಚೆನ್ನಾಗಿದೆ ಅಂದುಕೊಂಡು ಕಾಫಿ ಕುಡಿದು ಹೊರಟೆ. ಅದು ರೋಮನ್ನರ ಕ್ರೀಡಾಂಗಣ ಅಂತ ಆಗ ನನಗೆ ಗೊತ್ತಿರಲಿಲ್ಲ! ಸುಮಾರು ಹತ್ತು ಸಾವಿರ ಜನ ಕೂರುತ್ತಿದ್ದ ಜಾಗ. ರೋಮ್ ಬಿದ್ದ ಮೇಲೆ ಜನ ಅದರ ಕಲ್ಲು ಕಿತ್ತೊಯ್ದರು, ಉಳಿದ ಕಮಾನುಗಳ ಮೇಲೇ ಮನೆ ಕಟ್ಟಿಕೊಂಡರು. ನಡುವೆಯೂ ಮನೆಗಳು ತುಂಬಿದ್ದವು. 1830ರ ಹೊತ್ತಿಗೆ ಲೊರೆಂಜೊ ನೊತ್ತೊಲೀನಿ ಅನ್ನುವ ವಾಸ್ತುಶಿಲ್ಪಿ ಅವನ್ನು ತೆಗೆಸಿ ಮತ್ತೆ ಅಂಗಳ ಮಾಡಿದ. ರೋಮನ್ನರು ಓಡಾಡಿದ ನೆಲ ಈಗಿನ ನೆಲಕ್ಕಿಂತ ಸುಮಾರು ಮೂರು ಮೀಟರ್ ಕೆಳಗಿದೆ.

ಹಾಗಾಗಿ ನೀವು ಒಳಗೆ ಮಾತ್ರ ನಿಲ್ಲಬೇಡಿ. ಹೊರಗಿನ ಓಣಿಯಲ್ಲಿ ಒಂದು ಸುತ್ತು ಬನ್ನಿ. ಮನೆಗಳ ಗೋಡೆಯಲ್ಲೇ ಹಳೇ ಇಟ್ಟಿಗೆ ಕಮಾನುಗಳು ಸಿಕ್ಕಿಕೊಂಡಿರುವುದು ಕಾಣುತ್ತದೆ. ಒಂದರ ಮೇಲೆ ಕಿಟಕಿ ಇಟ್ಟು ಹೂವಿನ ಕುಂಡ ಜೋಡಿಸಿದ್ದಾರೆ.

ಎರಡನೇ ಸಲ ಗೈಡ್ ಜೊತೆ ಹೋದಾಗಲೇ ಇದೆಲ್ಲ ತಿಳಿದದ್ದು. ಗೋಡೆ ಸುತ್ತುವುದು ಸಂಜೆಗೆ ಇರಲಿ. ಬೆಳಿಗ್ಗೆ ಊರೊಳಗೆ ಹೋಗಿ, ಎರಡೂ ಗೋಪುರ ಹತ್ತಿ.

ಪೀಸಾ ಕನ್ನಡತಿ

ಸರ್, ಅಂಫಿತಿಯಾತ್ರೊ ವಿಷಯ ನೂರಕ್ಕೆ ನೂರು ನಿಜ. ಆದರೆ ಅದಕ್ಕೆ ಮೊದಲೇ ಓದಿಕೊಂಡು ಹೋದರೆ ಸಾಲದಾ? ಹಿಂದಿನ ರಾತ್ರಿ ಮಗಳಿಗೆ ಕಥೆ ಹೇಳಿಬಿಟ್ಟರೆ ಮರುದಿನ ಅವಳೇ ಎಲ್ಲರಿಗೂ ಗೈಡ್. ಗುಂಪಿನ ಗೈಡ್ ಅತ್ತೆಯವರಿಗೋಸ್ಕರ ಕಾಯುವುದಿಲ್ಲ, ಅಕ್ಕ ಹೇಳುತ್ತಿರುವುದು ಅದನ್ನೇ.

ಗೋಪುರ ಅತ್ತೆಯವರಿಗೆ ಬೇಡವೇ ಬೇಡ. ತಲೆ ಮೇಲೆ ಓಕ್ ಮರಗಳಿರುವ ಗ್ವಿನೀಜಿ ಗೋಪುರಕ್ಕೆ ಸುಮಾರು 230 ಮೆಟ್ಟಿಲು, ಗಡಿಯಾರ ಗೋಪುರಕ್ಕೆ 207. ಮಗಳನ್ನು ಅಪ್ಪನ ಜೊತೆ ಗ್ವಿನೀಜಿಗೆ ಕಳಿಸಿ. ಒಂದು ಕಾಲದಲ್ಲಿ ಈ ಊರಲ್ಲಿ ಇಂಥ ಗೋಪುರ ನೂರಕ್ಕೂ ಹೆಚ್ಚು ಇದ್ದವು. ಮನೆತನದ ದೊಡ್ಡಸ್ತಿಕೆ ತೋರಿಸಲು ಒಬ್ಬರಿಗಿಂತ ಒಬ್ಬರು ಎತ್ತರ ಕಟ್ಟುತ್ತಿದ್ದರು. 45 ಮೀಟರ್ ಎತ್ತರದಲ್ಲಿ ಮರದ ನೆರಳಲ್ಲಿ ನಿಂತು ಕೆಂಪು ಹೆಂಚಿನ ಊರು ನೋಡುವುದು ಮಕ್ಕಳಿಗೆ ಮರೆಯುವಂಥದ್ದಲ್ಲ.

ದಾರಿ ಹೀಗೆ ಮಾಡಿ. ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಗೋಡೆ. ಬಹಳ ಜನ ಹುಲ್ಲಿನ ನಡುವಿನ ಕಾಲುದಾರಿ ಹಿಡಿದು ಸ್ಯಾನ್ ಕೊಲೊಂಬಾನೊ ಕೊತ್ತಲದ ಒಳಗಿನ ಸುರಂಗದಂಥ ದಾರಿಯಲ್ಲಿ ಮೇಲೆ ಬರುತ್ತಾರೆ. ಅದು ಬಲು ಚಂದ, ಆದರೆ ಮೆಟ್ಟಿಲಿದೆ. ನೀವು ಸ್ವಲ್ಪ ಎಡಕ್ಕೆ ನಡೆದು ಸ್ಯಾನ್ ಪಿಯೆತ್ರೊ ಬಾಗಿಲಿನಿಂದ ಬನ್ನಿ. 1566ರ ಬಾಗಿಲು. ಮೇಲೆ "ಲಿಬೆರ್ತಾಸ್" ಅಂತ ಕೆತ್ತಿದ್ದಾರೆ, ಅಂದರೆ ಸ್ವಾತಂತ್ರ್ಯ. ಸುತ್ತಲಿನ ಊರುಗಳನ್ನು ಫ್ಲಾರೆನ್ಸ್ ಒಂದೊಂದಾಗಿ ನುಂಗಿದಾಗಲೂ ಲುಕ್ಕಾ ತನ್ನ ಪಾಡಿಗೆ ಗಣರಾಜ್ಯವಾಗಿ ಉಳಿದಿತ್ತು. ಬಾಗಿಲು ದಾಟಿ ಇಳಿಜಾರಿನ ದಾರಿಯಲ್ಲಿ ಗೋಡೆ ಹತ್ತಿ. ಬಲಕ್ಕೆ, ಅಂದರೆ ಪೂರ್ವಕ್ಕೆ ಹೊರಡಿ. ದುವೊಮೊ ಅನ್ನುವ ಊರಿನ ಮುಖ್ಯ ಚರ್ಚಿನ ಬೆನ್ನು, ಸಸ್ಯತೋಟ, ಎಲೀಸಾ ಬಾಗಿಲು ಸಿಗುತ್ತವೆ. ಉತ್ತರದ ಸಾಂತಾ ಮರಿಯಾ ಬಾಗಿಲ ಹತ್ತಿರ ಇಳಿದುಬಿಡಿ. ಅಲ್ಲಿಗೆ ಅರ್ಧ ಸುತ್ತು. ಉಳಿದ ಅರ್ಧ ಸಂಜೆಗೆ.

ಅಲ್ಲಿಂದ ಸ್ಯಾನ್ ಫ್ರೆದಿಯಾನೊ ಚರ್ಚು ಹತ್ತಿರ. ಬೆಳಿಗ್ಗೆಯೇ ಹೋಗಿ ಅನ್ನುವುದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ಹಳೇ ಚರ್ಚುಗಳ ಮುಖ ಪಶ್ಚಿಮಕ್ಕೆ. ಇದರ ಮುಖ ಪೂರ್ವಕ್ಕೆ. ಮುಂಭಾಗದ ಮೇಲೆ 13ನೇ ಶತಮಾನದ ದೊಡ್ಡ ಮೊಸಾಯಿಕ್ ಚಿತ್ರ ಇದೆ, ಬಂಗಾರದ ಬಣ್ಣ. ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯ. ನಿಮ್ಮ ದಿನ ಯಾವುದು? 27ನೇ ತಾರೀಖು ಆಗುವ ಹಾಗಿದ್ದರೆ ದಯವಿಟ್ಟು ಅದನ್ನೇ ಇಟ್ಟುಕೊಳ್ಳಿ. ಅದು ಸಾಂತಾ ಜೀತಾ ಅನ್ನುವ ಈ ಊರಿನ ಸಂತಳ ಹಬ್ಬ. ಚರ್ಚಿನ ಮುಂದೆ, ಅಂಫಿತಿಯಾತ್ರೊದಲ್ಲಿ ಹೂವಿನ ಸಂತೆ ಕೂಡುತ್ತದೆ.

ಹೊಯ್ಸಳ ಕಲ್ಲು

ಮಗಳಿಗೆ ಒಂದು ಕೆಲಸ ಕೊಡಿ. ದುವೊಮೊ, ಅಂದರೆ ಸ್ಯಾನ್ ಮಾರ್ತೀನೊ ಚರ್ಚಿನ ಮುಖಮಂಟಪದಲ್ಲಿ ಬಲಗಡೆಯ ಕಂಬ ಹುಡುಕಲು ಹೇಳಿ. ಗಂಟೆಗೋಪುರದ ಪಕ್ಕ. ಅಲ್ಲಿ ತಟ್ಟೆಯಷ್ಟು ದೊಡ್ಡ ಚಕ್ರವ್ಯೂಹ ಕೆತ್ತಿದೆ. ಪಕ್ಕದಲ್ಲಿ ಲ್ಯಾಟಿನ್ ಸಾಲುಗಳಿವೆ. ಕ್ರೀಟ್ ದ್ವೀಪದ ದೈದಲುಸ್ ಕಟ್ಟಿದ ವ್ಯೂಹ ಇದು, ಒಳಗೆ ಹೋದವರಲ್ಲಿ ಥೀಸಿಯಸ್ ಒಬ್ಬನೇ ಅರಿಯಾದ್ನೆಯ ದಾರದ ಸಹಾಯದಿಂದ ಹೊರಬಂದ ಅನ್ನುವ ಅರ್ಥ. ನೂರಾರು ವರ್ಷ ಜನ ಬೆರಳಿಟ್ಟು ದಾರಿ ಹಿಡಿದು ಹಿಡಿದು ನಡುವಿನ ಚಿತ್ರ ಸವೆದೇ ಹೋಗಿದೆ.

ನಾನು ಅದರ ಮುಂದೆ ಅರ್ಧ ಗಂಟೆ ನಿಂತಿದ್ದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲೂ ಚಕ್ರವ್ಯೂಹ ಇದೆ ಅಲ್ವಾ, ಅಭಿಮನ್ಯುವಿನ ಯುದ್ಧದ ಕೆತ್ತನೆಯಲ್ಲಿ? ಎರಡರ ಸುತ್ತುಗಳ ವಿನ್ಯಾಸ ಬೇರೆ. ಒಂದು ಕಡೆ ಹೊರಗೆ ಬಂದವನ ಕಥೆ, ಇನ್ನೊಂದು ಕಡೆ ಬರಲಾಗದವನದು. ಮಗಳು ಹಳೇಬೀಡು ನೋಡಿದ್ದರೆ ಮೊದಲೇ ಅದರ ಫೋಟೊ ತೋರಿಸಿ ಕರೆದುಕೊಂಡು ಹೋಗಿ.

ಅದೇ ಚರ್ಚಿನಲ್ಲಿ ಇಲಾರಿಯಾ ದೆಲ್ ಕಾರೆತ್ತೊಳ ಸಮಾಧಿ ಇದೆ. ಊರಿನ ಒಡೆಯ ಪಾವೊಲೊ ಗ್ವಿನೀಜಿಯ ಹೆಂಡತಿ. 1405ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಯಾಕೊಪೊ ದೆಲ್ಲಾ ಕ್ವೆರ್ಚಾ ಅಮೃತಶಿಲೆಯಲ್ಲಿ ಅವಳನ್ನು ಮಲಗಿಸಿದ್ದಾನೆ. ಕಾಲ ಬಳಿ ಒಂದು ಪುಟ್ಟ ನಾಯಿ, ತಲೆ ಎತ್ತಿ ಅವಳ ಮುಖವನ್ನೇ ನೋಡುತ್ತಿದೆ. ಇದಕ್ಕೆ ಟಿಕೆಟ್ ಇದೆ. ಕೊಡಿ, ಹಿಂದೆಮುಂದೆ ನೋಡಬೇಡಿ.

ಅಡಿಗೆಮನೆ ಅಕ್ಕ

ಊಟದ ಬಗ್ಗೆ ನಾನು ಹೇಳುತ್ತೇನೆ. ಚೆಚೀನಾ ಅಂತ ಕೇಳಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹುಯ್ದು ಒಲೆಯಲ್ಲಿ ಬೇಯಿಸುತ್ತಾರೆ. ಮೇಲೆ ಕರಿಮೆಣಸಿನ ಪುಡಿ. ಅಂಚು ಗರಿಗರಿ, ಒಳಗೆ ಮೆತ್ತಗೆ. ಪಿಜ್ಜಾ ತುಂಡು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಅಮ್ಮ ತಿಂದು, "ಈರುಳ್ಳಿ, ಹಸಿಮೆಣಸು ಹಾಕಿದ್ರೆ ನಮ್ಮನೇದೇ" ಅಂದಿದ್ದರು.

ಬುಚ್ಚೆಲ್ಲಾತೊ ಅನ್ನುವುದು ಲುಕ್ಕಾದ್ದೇ ಸಿಹಿ ಬ್ರೆಡ್ಡು. ಒಣದ್ರಾಕ್ಷಿ, ಸೋಂಪಿನ ಘಮ. ಅದನ್ನು ತಿನ್ನದೆ ಹೋದವನು ಲುಕ್ಕಾಕ್ಕೆ ಬಂದೇ ಇಲ್ಲ ಅಂತ ಅಲ್ಲಿಯವರ ಗಾದೆ. ಮೊಟ್ಟೆ ಹಾಕುವುದುಂಟು, ಅತ್ತೆಯವರಿಗಾದರೆ ಕೇಳಿ ತೆಗೆದುಕೊಳ್ಳಿ. ತೊರ್ದೆಲ್ಲಿ ಅನ್ನುವ ಕಡುಬಿನೊಳಗೆ ಮಾಂಸ ಇರುತ್ತದೆ, ಬೇಡ. ಫಾರ್ರೊ ಅನ್ನುವ ಗೋಧಿಯ ಜಾತಿಯ ಕಾಳಿನ ಸೂಪ್ ಹೊಟ್ಟೆ ತುಂಬುತ್ತದೆ, ಆದರೆ ಕೆಲವರು ಹಂದಿಮಾಂಸದ ಒಗ್ಗರಣೆ ಕೊಡುತ್ತಾರೆ. "ಸೆಂತ್ಸಾ ಕಾರ್ನೆ?" ಅಂತ ಕೇಳಿ, ಮಾಂಸ ಇಲ್ಲ ಅಲ್ವಾ ಅಂತ ಅರ್ಥ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯ ಅಂಶ ಬಳಸುತ್ತಾರೆ. ನೀವು ಕಟ್ಟುನಿಟ್ಟು ಇದ್ದರೆ ಅದೂ ಗೊತ್ತಿರಲಿ.

ಬಾಟಲಿ ನೀರು ಕೊಳ್ಳಬೇಡಿ. ಚೌಕಗಳಲ್ಲಿ ಕಾರಂಜಿ ನಲ್ಲಿಗಳಿವೆ, ಊರಿನವರೇ ಹಿಡಿದುಕೊಂಡು ಹೋಗುತ್ತಾರೆ. "ನಾನ್ ಪೊತಾಬಿಲೆ" ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ನಿವೃತ್ತ ಮೇಷ್ಟ್ರು

ಆ ನಲ್ಲಿಗಳ ಹಿಂದೆಯೂ ಕಥೆ ಇದೆ. ಅಂಫಿತಿಯಾತ್ರೊ ತೆರವು ಮಾಡಿಸಿದ ನೊತ್ತೊಲೀನಿಯೇ ದಕ್ಷಿಣದ ಬೆಟ್ಟದಿಂದ ಊರಿಗೆ ನೀರು ತಂದವನು. ಕಮಾನುಗಳ ಮೇಲೆ ಹರಿಯುವ ಕಾಲುವೆ, ಮೂರು ಕಿಲೋಮೀಟರಿಗೂ ಉದ್ದ, 400ಕ್ಕೂ ಹೆಚ್ಚು ಕಮಾನು. ಆ ಕೆಲಸಕ್ಕೆ ಚಾಲನೆ ಕೊಟ್ಟವಳು ಆಗ ಲುಕ್ಕಾವನ್ನು ಆಳುತ್ತಿದ್ದ ಡಚೆಸ್ ಮರಿಯಾ ಲೂಯಿಸಾ. ದೊಡ್ಡ ಚೌಕಕ್ಕೆ ನೆಪೋಲಿಯನ್ ಹೆಸರಿದೆ, ಆದರೆ ನಡುವೆ ನಿಂತಿರುವ ಪ್ರತಿಮೆ ಅವಳದು. ಊರಿಗೆ ನೀರು ತಂದವಳನ್ನು ಜನ ಅಲ್ಲಿ ನಿಲ್ಲಿಸಿಕೊಂಡಿದ್ದಾರೆ.

ಇನ್ನೊಂದು ಮಾತು. ನಾನು ಶ್ರೀರಂಗಪಟ್ಟಣದ ಹತ್ತಿರದವನು. ಲುಕ್ಕಾ ಗಣರಾಜ್ಯ ಫ್ರೆಂಚರ ಕೈಸೇರಿದ್ದು 1799ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೋಟೆ ಬಿದ್ದದ್ದು. ಅಲ್ಲಿ ಗೋಡೆಗೆ ಒಂದು ಗುಂಡೂ ಬೀಳಲಿಲ್ಲ, ನಮ್ಮಲ್ಲಿ ಗೋಡೆ ಒಡೆದ ಜಾಗವನ್ನು ಈಗಲೂ ತೋರಿಸುತ್ತಾರೆ. ಲುಕ್ಕಾದ ಗೋಡೆ ಮೇಲೆ ಮಕ್ಕಳು ಸೈಕಲ್ ಹೊಡೆಯುವುದು ನೋಡಿದಾಗ ನನಗೆ ನಮ್ಮೂರ ಗೋಡೆಯೇ ಕಣ್ಣಮುಂದೆ ಬಂತು. ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಕನ್ನಡತಿ ಹೇಳಿದ ದಾರಿ ಚೆನ್ನಾಗಿದೆ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ, ಬೆಳಿಗ್ಗೆ ಗೋಡೆಯೇ ಸರಿ.

ಮಂಗಳೂರು ಮಳೆ

ಮಧ್ಯಾಹ್ನ ಹಲವು ಚರ್ಚು ಒಂದೆರಡು ಗಂಟೆ ಮುಚ್ಚುತ್ತವೆ, ಊಟ ಆಗ ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಯಲ್ಲಿ ಯಾರಾದರೂ ಹೋಗುವವರಿದ್ದರೆ ಕಾಮಿಕ್ಸ್ ಜಾತ್ರೆಯ ದಿನಗಳನ್ನು ನೋಡಿಕೊಂಡು ಹೋಗಿ. ಆಗ ಓಣಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ತುಂಗಾತೀರ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. 27ಕ್ಕೇ ಹೋಗುತ್ತೇವೆ. ಬಂದ ಮೇಲೆ ಬರೆಯುತ್ತೇನೆ.

ತುಂಗಾತೀರ

ಹೋಗಿ ಬಂದೆವು! ಬರೆಯಲು ತಡವಾಯಿತು.

ಎಂಟೂವರೆಗೆಲ್ಲ ಗೋಡೆ ಮೇಲಿದ್ದೆವು. ಅತ್ತೆ ಮೊದಲ ಬೆಂಚಿನಲ್ಲೇ ಕೂತರು, ಸುಸ್ತಾಗಿ ಅಲ್ಲ, ನೋಡಲು. ಒಂದು ಕಡೆ ಮನೆಗಳ ಮೊದಲ ಮಹಡಿ ನಮ್ಮ ಕಣ್ಣಿಗೆ ಸಮ. ಯಾರೋ ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಇನ್ನೊಂದು ಕಡೆ ಹುಲ್ಲು, ಆಚೆ ಬೆಟ್ಟ. ಪ್ರತಿ ಕೊತ್ತಲದಲ್ಲೂ ನಿಂತು ನಿಂತು ಹೋದೆವು. ಅರ್ಧ ಸುತ್ತಿಗೆ ಒಂದೂಮುಕ್ಕಾಲು ಗಂಟೆ ಆಯಿತು. ಯಾರೂ ಯಾರನ್ನೂ ಅವಸರ ಮಾಡಲಿಲ್ಲ.

ಸ್ಯಾನ್ ಫ್ರೆದಿಯಾನೊ ಮುಂದೆ ಹೂವೋ ಹೂವು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಜೀತಾಳ ದೇಹ ಇಟ್ಟಿದ್ದಾರೆ. ಮಗಳು ಹೆದರುತ್ತಾಳೇನೋ ಅಂದುಕೊಂಡಿದ್ದೆ. ಆದರೆ ಹಿಂದಿನ ರಾತ್ರಿ ಹೇಳಿದ ಕಥೆಯನ್ನು ಅವಳೇ ಅಜ್ಜಿಗೆ ಹೇಳಿದಳು. ಜೀತಾ ಹನ್ನೆರಡನೇ ವಯಸ್ಸಿಗೆ ಒಂದು ಶ್ರೀಮಂತರ ಮನೆಗೆ ಕೆಲಸಕ್ಕೆ ಸೇರಿದವಳು. 1272ರಲ್ಲಿ ಸಾಯುವ ತನಕ ಅದೇ ಮನೆಯಲ್ಲಿ ದುಡಿದಳು. ಬಡವರಿಗೆ ಕೊಡಲು ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುವಾಗ ಯಜಮಾನ ತಡೆದು ಏನದು ಅಂತ ಕೇಳಿದನಂತೆ. ಸೆರಗು ಬಿಚ್ಚಿದರೆ ಬರೀ ಹೂವು. ಅದಕ್ಕೇ ಈ ದಿನ ಹೂವಿನ ಸಂತೆ.

ಅತ್ತೆ ಸುಮಾರು ಹೊತ್ತು ಮಾತಾಡಲಿಲ್ಲ. ಅವರ ತಾಯಿ ತೀರ್ಥಹಳ್ಳಿ ಕಡೆ ನಾಲ್ಕು ಮನೆಗಳಲ್ಲಿ ಅಡಿಗೆ ಮಾಡಿ ಮಕ್ಕಳನ್ನು ಸಾಕಿದವರು. ನನಗೆ ಮದುವೆಯಾಗಿ ಹನ್ನೆರಡು ವರ್ಷ. ಇದನ್ನು ಅವರ ಬಾಯಿಂದ ಕೇಳಿದ್ದು ಅಂದೇ ಮೊದಲು, ಆ ಚರ್ಚಿನ ಬೆಂಚಿನ ಮೇಲೆ. ಗೈಡ್ ಇದ್ದಿದ್ದರೆ ಅಷ್ಟು ಹೊತ್ತು ಕೂರಲು ಆಗುತ್ತಿತ್ತಾ?

ಅಂಫಿತಿಯಾತ್ರೊವನ್ನು ಮೇಷ್ಟ್ರು ಹೇಳಿದ ಹಾಗೆ ಹೊರಗಿನಿಂದ ಸುತ್ತಿದೆವು. ಮಗಳು ಕಮಾನು ಎಣಿಸುತ್ತಾ ಎಣಿಸುತ್ತಾ ಲೆಕ್ಕ ತಪ್ಪಿದಳು. ಚೆಚೀನಾ ಎರಡೆರಡು ಸಲ ತಿಂದೆವು. ಚಕ್ರವ್ಯೂಹದ ದಾರಿ ಹಿಡಿದು ಬೆರಳು ನಡುವಿಗೆ ತಲುಪಿದಾಗ ಮಗಳು ಕೂಗಿಯೇಬಿಟ್ಟಳು. ಇಲಾರಿಯಾಳ ನಾಯಿಯ ಚಿತ್ರ ಬರೆದುಕೊಂಡಳು. ಒಪೆರಾ ಸಂಗೀತಗಾರ ಪುಚ್ಚೀನಿ ಹುಟ್ಟಿದ ಮನೆಗೆ ಹೋಗಲಾಗಲಿಲ್ಲ, ಹತ್ತಿರದ ಪ್ರತಿಮೆ ನೋಡಿ ಬಂದೆವು. ಗ್ವಿನೀಜಿ ಗೋಪುರಕ್ಕೆ ಅಪ್ಪ ಮಗಳು ಹೋದರು. ನಾವಿಬ್ಬರೂ ಕೆಳಗೆ ಕೂತು ಮೇಲಿನ ಮರಗಳಲ್ಲಿ ಅವರ ತಲೆ ಕಾಣುತ್ತದಾ ಅಂತ ನೋಡುತ್ತಿದ್ದೆವು.

ಸಂಜೆ ಪಶ್ಚಿಮದ ಅರ್ಧ ಗೋಡೆ. ಬಿಸಿಲು ಮರಗಳ ನಡುವಿಂದ ಬರುತ್ತಿತ್ತು. ಸ್ಯಾನ್ ಪಿಯೆತ್ರೊ ಬಾಗಿಲು ಮತ್ತೆ ಕಂಡಾಗ ಅತ್ತೆ, "ಪೂರ್ತಿ ಸುತ್ತಿದ್ನಲ್ಲೇ" ಅಂದರು.

ಪೀಸಾ ಕನ್ನಡತಿ

ಅಕ್ಕಾ, ಓದಿ ಕಣ್ಣು ತುಂಬಿತು. ಹೂವಿನ ಸಂತೆಯಲ್ಲಿ ಏನಾದರೂ ಕೊಂಡಿರಾ?

ತುಂಗಾತೀರ

ಅತ್ತೆ ಒಂದು ಪುಟ್ಟ ಜೆರೇನಿಯಂ ಕುಂಡ ತೆಗೆದುಕೊಂಡರು. ವಿಮಾನದಲ್ಲಿ ತರಲಾಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಪೀಸಾದಲ್ಲಿ ನಾವಿದ್ದ ಮನೆಯಲ್ಲಿ ಗುಡಿಸಿ ಒರೆಸಲು ಒಬ್ಬ ಹೆಂಗಸು ಬರುತ್ತಿದ್ದರು. ಮರುದಿನ ಬೆಳಿಗ್ಗೆ ಅವರ ಕೈಗೆ ಕೊಟ್ಟರು. ಅವರಿಗೆ ಕನ್ನಡ ಬರುವುದಿಲ್ಲ, ಅತ್ತೆಗೆ ಇಟಾಲಿಯನ್ ಬರುವುದಿಲ್ಲ. "ಜೀತಾ" ಅಂದರು ಅಷ್ಟೇ. ಆ ಹೆಂಗಸು ಕುಂಡ ಕೆಳಗಿಟ್ಟು ಅತ್ತೆಯ ಎರಡೂ ಕೈ ಹಿಡಿದುಕೊಂಡರು.

ಮಂಗಳೂರು ಮಳೆ

ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಸ್ಯಾನ್ ಪಿಯೆತ್ರೊ ಬಾಗಿಲ ಹತ್ತಿರದ ಇಳಿಜಾರು ಕಡಿದಾಗಿದೆಯಾ? ಅಪ್ಪ ಕೋಲು ಹಿಡಿದು ನಡೆಯುತ್ತಾರೆ.

ತುಂಗಾತೀರ

ಇಲ್ಲ, ಸುಲಭ. ಅತ್ತೆ ನನ್ನ ಕೈ ಕೂಡ ಹಿಡಿಯಲಿಲ್ಲ. ಮಳೆ ಬಂದಿದ್ದರೆ ಮಾತ್ರ ಕೆಳಗಿನ ಕಲ್ಲುಹಾಸು ಜಾರಬಹುದು, ಒಳ್ಳೆ ಹಿಡಿತದ ಚಪ್ಪಲಿ ಹಾಕಿಸಿ.

ಪೀಸಾ ಕನ್ನಡತಿ

ಸೆಪ್ಟೆಂಬರ್ ಆದರೆ 13ನೇ ತಾರೀಖು ನೋಡಿಕೊಳ್ಳಿ. ಅಂದು ರಾತ್ರಿ ಲುಮಿನಾರಾ. ಮನೆಗಳ ಮುಂಭಾಗಕ್ಕೆ ಸಾಲಾಗಿ ದೀಪ ಹಚ್ಚುತ್ತಾರೆ, ಸ್ಯಾನ್ ಫ್ರೆದಿಯಾನೊದಿಂದ ದುವೊಮೊ ತನಕ ಮೆರವಣಿಗೆ ಹೋಗುತ್ತದೆ. ಅಂದು ಊರಲ್ಲೇ ಉಳಿಯಲು ರೂಮು ಈಗಲೇ ಹಿಡಿದಿಡಿ.